ಬುರೀಟೊ ಅಂಗಡಿಯಲ್ಲಿ ಹೆಣ್ಣು ನೋಡುವ ಶಾಸ್ತ್ರ

ನನ್ನ ತಂಗಿಯನ್ನು ನಾನು ಮೂರು ಊರುಗಳಲ್ಲಿ ಮೂರು ಗಂಡುಗಳಿಗೆ ತೋರಿಸಿದ್ದೇನೆ. ಪರ್ತ್, ಬ್ರಿಸ್ಬೇನ್, ಅಡಿಲೇಡ್. ಮೂರು ಸಲವೂ ಒಂದೇ ಹೋಟೆಲು. ಕಂಪನಿ ಒಂದೇ, ಶಾಖೆ ಬೇರೆ. ಮದುವೆ ಒಂದೂ ಆಗಲಿಲ್ಲ. ಮೊದಲ ಎರಡಕ್ಕೆ ಕಾರಣ ಆ ಗಂಡುಗಳು. ಮೂರನೆಯದಕ್ಕೆ ಕಾರಣ ನಾನು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ತಂಗಿಗಂತೂ ಹೇಳಿಲ್ಲ, ಹೇಳುವ ಯೋಚನೆಯೂ ಇಲ್ಲ.

ಹೋಟೆಲು ಎಂದರೆ ದೊಡ್ಡದೇನಲ್ಲ. ಶಾಪಿಂಗ್ ಸೆಂಟರಿನಲ್ಲಿ ಚಪ್ಪಲಿ ಅಂಗಡಿಗೂ ಮೊಬೈಲ್ ಕವರಿನ ಅಂಗಡಿಗೂ ನಡುವೆ ಇರುವಂಥದ್ದು. ಹೆಸರಿಗೆ ಮೆಕ್ಸಿಕೋದ ಊಟ. ಅದನ್ನು ಪಕ್ಕದ ಟೆಕ್ಸಸ್‌ನವರು ತಮ್ಮ ನಾಲಿಗೆಗೆ ಬೇಕಾದ ಹಾಗೆ ಬದಲಾಯಿಸಿಕೊಂಡರು, ಆಸ್ಟ್ರೇಲಿಯಾದವರು ಅದರ ಖಾರವನ್ನೂ ತೆಗೆದು ತಂದಿಟ್ಟುಕೊಂಡರು. ಗಾಜಿನ ಆಚೆ ಸ್ಟೀಲ್ ಪಾತ್ರೆಗಳ ಸಾಲು. ಈ ತುದಿಯಿಂದ ಆ ತುದಿಗೆ ನಡೆಯುತ್ತ ಹೇಳಬೇಕು. ಬಿಳಿ ಅನ್ನವಾ, ಕಂದು ಅನ್ನವಾ? ಕಪ್ಪು ಬೀನ್ಸಾ, ಕಂದು ಬೀನ್ಸಾ? ಚಿಕನ್ನಾ, ಬೀಫಾ, ತರಕಾರಿಯಾ? ಖಾರ ಎಷ್ಟು? ಎಲ್ಲವನ್ನೂ ದೊಡ್ಡ ಮೈದಾ ಚಪಾತಿಯಲ್ಲಿ ಬಿಗಿಯಾಗಿ ಸುತ್ತಿಕೊಟ್ಟರೆ ಬುರೀಟೊ, ಚಪಾತಿಯಿಲ್ಲದೆ ಬಟ್ಟಲಿಗೆ ಹಾಕಿಕೊಟ್ಟರೆ ಬೌಲ್. ಅನ್ನಕ್ಕೆ ನಿಂಬೆರಸ, ಕೊತ್ತಂಬರಿ ಸೊಪ್ಪು. ಒಗ್ಗರಣೆ ಹಾಕೋದು ಮರೆತ ಚಿತ್ರಾನ್ನ ಎಂದು ನನ್ನ ತಂಗಿ ಹೇಳುತ್ತಿದ್ದಳು.

ಅದರಲ್ಲೇನು ಸುಖ ಎಂದು ನನ್ನ ಗಂಡ ಕೇಳುತ್ತಿದ್ದ. ಹೇಳಿದರೆ ಅವನಿಗೆ ಅರ್ಥವಾಗುತ್ತಿರಲಿಲ್ಲ. ನಾವು ಬೆಳೆದ ಮೈಸೂರಿನ ಮನೆಯಲ್ಲಿ ಬಡಿಸುವುದಕ್ಕೆ ಒಂದು ಕ್ರಮವಿತ್ತು. ಉಪ್ಪಿನಿಂದ ಹಿಡಿದು ಮಜ್ಜಿಗೆಯವರೆಗೆ ಯಾವುದು ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತಿತ್ತು. ಬಿದ್ದದ್ದನ್ನು ತಿನ್ನಬೇಕು. ಬೇಕಾ ಎಂದು ಕೇಳುತ್ತಿದ್ದದ್ದು ಅಪ್ಪನನ್ನು ಮಾತ್ರ. ಇಲ್ಲಿ, ತಲೆಗೆ ಟೋಪಿ ಹಾಕಿಕೊಂಡ ಕಾಲೇಜು ಹುಡುಗಿಯೊಬ್ಬಳು ಪ್ರತಿಯೊಂದು ಪಾತ್ರೆಯ ಮುಂದೆ ನಿಂತು, ನನ್ನ ಮುಖ ನೋಡಿ, ಇದು ಬೇಕಾ, ಇನ್ನೂ ಸ್ವಲ್ಪ ಬೇಕಾ ಎಂದು ಕೇಳುತ್ತಾಳೆ. ಬೇಡ ಎಂದರೆ ಬೇಜಾರು ಮಾಡಿಕೊಳ್ಳುವುದಿಲ್ಲ. ಇಂಡಿಯನ್ ರೆಸ್ಟೋರೆಂಟಿಗೆ ಹೋದರೆ ಪಕ್ಕದ ಟೇಬಲ್ಲಿನಲ್ಲಿ ನಮ್ಮ ಕನ್ನಡದವರು ಯಾರಾದರೂ ಇದ್ದೇ ಇರುತ್ತಾರೆ. ನಮ್ಮ ತಟ್ಟೆ ಇಣುಕಿ ನೋಡುತ್ತಾರೆ. ದೊಡ್ಡ ರೆಸ್ಟೋರೆಂಟುಗಳಲ್ಲಿ ಮೆನು ಓದುವಾಗಲೇ ಬೆವರು ಬರುತ್ತದೆ. ಈ ಅಂಗಡಿಯಲ್ಲಿ ಎರಡೂ ಇಲ್ಲ. ನಮ್ಮ ಊಟದಂತೆಯೇ ಇದೆ, ಆದರೆ ನಮ್ಮದಲ್ಲ. ಅಮ್ಮ ಮಾಡಿದ ಹಾಗಿಲ್ಲ ಎಂದು ದೂರುವ ಹಾಗೂ ಇಲ್ಲ. ಯಾವ ಊರಿಗೆ ಹೋದರೂ ಅದೇ ಹಳದಿ ದೀಪ, ಅದೇ ಮರದ ಬೆಂಚು, ಅದೇ ಕಾರ್ನ್ ಚಿಪ್ಸ್. ನಾನು ಪರದೇಶಿ ಎನ್ನುವುದು ನನಗೆ ಮರೆತುಹೋಗುತ್ತಿದ್ದ ಜಾಗ ಅದೊಂದೇ.

ಇದು ೨೦೧೪ರ ಆಸುಪಾಸಿನ ಮಾತು. ನಮ್ಮ ಮನೆ ಪರ್ತ್‌ನ ಸದರ್ನ್ ರಿವರ್‌ನಲ್ಲಿ. ನನ್ನ ಗಂಡ ಮೈನಿಂಗ್ ಎಂಜಿನಿಯರ್. ಹದಿನಾಲ್ಕು ದಿನ ಉತ್ತರದ ಗಣಿಯಲ್ಲಿ, ಏಳು ದಿನ ಮನೆಯಲ್ಲಿ. ಆ ಏಳರಲ್ಲಿ ಎರಡು ದಿನ ನಿದ್ದೆ. ನಾನು ಊರಿನ ಮಧ್ಯದಲ್ಲಿ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಮಗಳು ಹುಟ್ಟಿದ ಮೊದಲ ವರ್ಷವನ್ನು ನಾನು ಹೇಗೆ ಕಳೆದೆ ಎಂದು ನೆನಪಿಲ್ಲ. ಗೋಡೆಯ ಜೊತೆ ಮಾತಾಡುತ್ತಿದ್ದೆ, ಅದು ನೆನಪಿದೆ. ಆಗ ತಂಗಿ ಅಕೌಂಟಿಂಗ್ ಓದಲು ಬಂದಳು. ನನಗಿಂತ ಏಳು ವರ್ಷ ಚಿಕ್ಕವಳು. ಓದು ಮುಗಿಸಿ, ಊರಿನ ಇನ್ನೊಂದು ಕಡೆಯ ಮೋರ್ಲಿ ಬಡಾವಣೆಯ ಶಾಪಿಂಗ್ ಸೆಂಟರಿನ ಬಟ್ಟೆ ಅಂಗಡಿಯಲ್ಲಿ ವಾರಕ್ಕೆ ನಾಲ್ಕು ದಿನ ಕೆಲಸ ಹಿಡಿದು ನಮ್ಮಲ್ಲೇ ಉಳಿದಳು. ಉಳಿದ ಹೊತ್ತೆಲ್ಲ ನನ್ನ ಮಗಳು ಅವಳದೇ ಸೊಂಟದ ಮೇಲೆ. ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಕಾಫಿ ಆಗಿರುತ್ತಿತ್ತು, ಡಬ್ಬಿ ಕಟ್ಟಿರುತ್ತಿತ್ತು. ಅವಳಿಗೆ ಇದನ್ನು ಮಾಡು ಎಂದು ನಾನೆಂದೂ ಹೇಳಿದ್ದಿಲ್ಲ. ಬೇಡ ಎಂದೂ ಹೇಳಿದ್ದಿಲ್ಲ.

ಅವಳು ಬಂದ ಮೊದಲ ಶುಕ್ರವಾರ ಮೋರ್ಲಿಯ ಬುರೀಟೊ ಅಂಗಡಿಗೆ ಕರೆದುಕೊಂಡು ಹೋಗಿದ್ದೆ. ನಾನು ಚಿಕನ್ ಬೌಲ್ ಹೇಳಿದೆ. ಅವಳ ಕಣ್ಣು ಅಗಲವಾಯಿತು. ನಮ್ಮ ಮನೆಯಲ್ಲಿ ಬೆಳ್ಳುಳ್ಳಿಯೂ ನಡುಮನೆ ದಾಟುತ್ತಿರಲಿಲ್ಲ.

"ಯಾವಾಗಿಂದ ಅಕ್ಕ?" ಅಂದಳು.

"ಬಂದ ಆರನೇ ತಿಂಗಳಿಂದ. ತಿಂದು ನೋಡೇ. ಯಾರಿಗೂ ಹೇಳಲ್ಲ."

ಒಂದು ತುಂಡು ಬಾಯಿಗಿಟ್ಟುಕೊಂಡು, ಕಣ್ಣುಮುಚ್ಚಿ ಅಗಿದಳು. ಆಮೇಲೆ ನಕ್ಕಳು. ನಾನೂ ನಕ್ಕೆ. ಶಾಲೆಯಲ್ಲಿ ಮಾವಿನಕಾಯಿ ಕದ್ದು ಹಂಚಿಕೊಂಡವರ ಹಾಗೆ ಇಬ್ಬರೂ ಕೂತು ತಿಂದೆವು. ಅಂದಿನಿಂದ ಪ್ರತಿ ಶುಕ್ರವಾರ ಅಲ್ಲಿಗೇ. ಅವಳು ಕೆಲಸಕ್ಕೆ ಸೇರಿದ ಮೇಲೆ ಅವಳ ಅಂಗಡಿ ಮುಚ್ಚುವ ಹೊತ್ತಿಗೆ ನಾನು ಮಗಳನ್ನು ಎತ್ತಿಕೊಂಡು ಹೋಗುತ್ತಿದ್ದೆ. ಮಗಳಿಗೆ ಬೀನ್ಸು, ನಮಗೆ ಚಿಕನ್. ಸುಳ್ಳು ಹೇಳಬಾರದು, ನಾನು ಆ ದೇಶದಲ್ಲಿ ಸಂತೋಷವಾಗಿದ್ದೆ ಎಂದು ಎದೆಮುಟ್ಟಿ ಹೇಳಬಹುದಾದ ಹೊತ್ತು ಅದು.

ಅವಳಿಗೆ ಇಪ್ಪತ್ತೇಳು ತುಂಬಿದಾಗ ಅಮ್ಮ ಫೋನಿನಲ್ಲಿ ಶುರುಮಾಡಿದಳು. ಅಲ್ಲೇ ಪಿಆರ್, ಅಂದರೆ ಕಾಯಂ ಇರಲು ಪರವಾನಗಿ, ಇರುವ ನಮ್ಮವರ ಹುಡುಗ ನೋಡು, ನೀನು ಹಿರಿಯಳು, ನಿಂದೇ ಜವಾಬ್ದಾರಿ. ಸರಿ, ನೋಡೋಣ ಅಂದೆ. ಆದರೆ ಮನೆಗೆ ಕರೆದು ಉಪ್ಪಿಟ್ಟು ಕೇಸರಿಬಾತು ಮಾಡಿ, ಅವಳ ಕೈಯಲ್ಲಿ ಕಾಫಿ ಕೊಡಿಸುವುದು ನನಗೆ ಒಗ್ಗಲಿಲ್ಲ. ಮನೆಗೆ ಬಂದವರು ಬೇಗ ಏಳುವುದಿಲ್ಲ. ಬುರೀಟೊ ಅಂಗಡಿಯಾದರೆ ಇಪ್ಪತ್ತು ನಿಮಿಷ. ಸಸ್ಯಾಹಾರಿಗೂ ಆಗುತ್ತದೆ, ತಿನ್ನುವವನಿಗೂ ಆಗುತ್ತದೆ. ಯಾರೂ ಯಾರನ್ನೂ ಉಪಚರಿಸಬೇಕಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಸಾಲಿನಲ್ಲಿ ನಿಂತವನ ಬಣ್ಣ ಎರಡು ನಿಮಿಷದಲ್ಲಿ ಬಯಲಾಗುತ್ತದೆ ಎಂದು ನಾನು ಕಂಡುಕೊಂಡಿದ್ದೆ. ಬಡಿಸುವ ಹುಡುಗಿಯ ಜೊತೆ ಹೇಗೆ ಮಾತಾಡುತ್ತಾನೆ, ಎಷ್ಟು ಹೊತ್ತು ಅನುಮಾನ ಪಡುತ್ತಾನೆ, ಹಿಂದೆ ಜನ ಕಾಯುತ್ತಿದ್ದಾರೆ ಎಂಬ ಪರಿವೆ ಇದೆಯೋ ಇಲ್ಲವೋ. ಅಮ್ಮನಿಗೆ ಅದನ್ನು ಹೇಳಿದಾಗ, "ಹೆಣ್ಣು ನೋಡೋದಕ್ಕೆ ಹೋಟ್ಲಿಗೆ ಹೋಗ್ತಾರಾ, ಶಿವನೇ" ಅಂದಳು. ಆಮೇಲೆ ಒಪ್ಪಿಕೊಂಡಳು.

ಮೊದಲನೆಯವನು ಪರ್ತ್‌ನವನೇ. ಮೋರ್ಲಿಗೆ ಬಂದ. ಒಳ್ಳೆಯ ಕೆಲಸ, ಒಳ್ಳೆಯ ಶರ್ಟು. ಬುರೀಟೊ ತೆಗೆದುಕೊಂಡು ಕೂತವನು ಅದರ ಚಪಾತಿಯನ್ನು ಬಿಚ್ಚಿ ಹರಡಿದ. ಅನ್ನ ಒಂದು ಕಡೆ, ಕಾಳು ಒಂದು ಕಡೆ, ಸೊಪ್ಪು ಒಂದು ಕಡೆ ಮಾಡಿದ. ಚಪಾತಿಯನ್ನು ನಾಲ್ಕು ಚೂರು ಮಾಡಿ ಮೊದಲು ಕಾಳಿನ ಜೊತೆ ತಿಂದ. ಕೊನೆಗೆ ಉಳಿದ ಅನ್ನಕ್ಕೆ ಅಲ್ಲಿ ಕೊಡುವ ಹುಳಿ ಕೆನೆಯನ್ನು ಹಾಕಿ ಮೊಸರನ್ನದ ಹಾಗೆ ಕಲಸಿಕೊಂಡ. ಬೆರಳು ಐದೂ ಬೆಳ್ಳಗಾದವು. ನನ್ನ ತಂಗಿ ನೀರು ತರುವ ನೆಪದಲ್ಲಿ ಎದ್ದುಹೋಗಿ ಗೋಡೆಗೆ ಮುಖಮಾಡಿ ನಗುತ್ತಿದ್ದಳು. ನಾನು ಅವನನ್ನು, "ಉಪ್ಪಿನಕಾಯಿ ಬೇಕಿತ್ತೇನೋ?" ಎಂದು ಕೇಳಿದೆ. ಅವನು ನಿಜಕ್ಕೂ ಕೇಳಿದ್ದೇನೆಂದುಕೊಂಡು, "ಪರವಾಗಿಲ್ಲ, ಇದ್ರೆ ಚೆನ್ನಾಗಿರ್ತಿತ್ತು" ಅಂದ. ಮನೆಗೆ ಬರುವ ದಾರಿಯುದ್ದಕ್ಕೂ ಅವನ ನಕಲು ಮಾಡಿ ನಕ್ಕೆವು. ಪಾಪ, ಅವನು ಕೆಟ್ಟವನಲ್ಲ. ಅವನಿಗೆ ಒಪ್ಪಿಗೆಯಿತ್ತಂತೆ. ನಾವು ಜಾತಕ ಹೊಂದಲಿಲ್ಲ ಎಂದು ಹೇಳಿ ಕೈತೊಳೆದುಕೊಂಡೆವು.

ಎರಡನೆಯವನು ಬ್ರಿಸ್ಬೇನ್‌ನವನು. ನನ್ನ ಗಂಡನ ಕಡೆಯವರ ಗೃಹಪ್ರವೇಶಕ್ಕೆ ಅಲ್ಲಿಗೆ ಹೋದಾಗ ಜೊತೆಗೆ ಇದೂ ಆಗಲಿ ಎಂದೆವು. ಐದು ಗಂಟೆ ವಿಮಾನದಲ್ಲಿ ಹಾರಿ, ಸೆಕೆಗೆ ಬೆಂದು, ಮಾಲಿನೊಳಗೆ ಕಾಲಿಟ್ಟರೆ ಅದೇ ದೀಪ, ಅದೇ ಬೆಂಚು. ಮನಸ್ಸು ತಣ್ಣಗಾಯಿತು. ಅವನು ಅಕ್ಕ ಭಾವನ ಜೊತೆ ಬಂದಿದ್ದ. ಕೌಂಟರಿನಲ್ಲಿ ನಿಂತು ಹುಡುಗಿಗೆ ಗ್ಲೌಸ್ ಬದಲಾಯಿಸು ಅಂದ. ಬದಲಾಯಿಸಿದಳು. ಆ ಸೌಟು ಬೇಡ, ಹೊಸದು ತಗೋ ಅಂದ. ತಂದಳು. ಕಾಳನ್ನು ಮೇಲಿನಿಂದ ಹಾಕಬೇಡ, ಚಿಕನ್ ಚೂರು ಹಾರಿರುತ್ತದೆ, ತಳದಿಂದ ತೆಗೆ ಅಂದ. ನಮ್ಮ ಹಿಂದೆ ಹನ್ನೆರಡು ಜನ. ಇಷ್ಟೆಲ್ಲ ಮಡಿ ಮಾಡಿದವನು ಟೇಬಲ್ಲಿಗೆ ಬಂದು, ತನ್ನ ಭಾವನ ಬೀಫ್ ಬಟ್ಟಲಿಗೆ ಅದ್ದಿದ ಚಿಪ್ಸನ್ನು ಕಿತ್ತುಕೊಂಡು ತಿಂದ. ನಮ್ಮ ಉತ್ತರಕ್ಕೂ ಕಾಯದೆ ಅವರೇ ಮೆಸೇಜ್ ಕಳಿಸಿದರು. ಹುಡುಗಿ ಸ್ವಲ್ಪ ದಪ್ಪವಂತೆ.

ಅದನ್ನು ನಾನು ತಂಗಿಗೆ ಓದಿ ಹೇಳಿದೆ. ಹೇಳದೆ ಇರಬಹುದಿತ್ತು. "ವಾರವಾರ ಆ ಬೆಣ್ಣೆಹಣ್ಣಿನ ಚಟ್ನಿ ಎರಡೆರಡು ಸಲ ಹಾಕಿಸ್ಕೊಂಡ್ರೆ ಇನ್ನೇನಾಗತ್ತೆ?" ಅಂದೆ. ತಮಾಷೆಗೆ ಅಂದದ್ದಲ್ಲ. ಅವಳನ್ನು ಯಾರೋ ಬೇಡವೆಂದದ್ದು ನನಗೆ ಒಳಗೊಳಗೇ ಹಿತವಾಗಿತ್ತು. ಆಗ ಅದು ಯಾಕೆಂದು ನನಗೇ ಗೊತ್ತಿರಲಿಲ್ಲ. ಅವಳು ಮುಂದಿನ ಶುಕ್ರವಾರದಿಂದ ಆ ಚಟ್ನಿ ಬಿಟ್ಟಳು.

ಮೂರನೆಯವನು ಅಡಿಲೇಡ್‌ನವನು. ಪ್ರಾಸ್ಪೆಕ್ಟ್‌ನಲ್ಲಿ ಒಂದು ಯೂನಿಟ್, ಅಂದರೆ ಸಣ್ಣ ಫ್ಲಾಟು, ಬಾಡಿಗೆಗೆ ಹಿಡಿದು ಒಬ್ಬನೇ ಇದ್ದ. ಸಿವಿಲ್ ಎಂಜಿನಿಯರ್. ಅವನ ತಾಯಿ ಮೂರು ತಿಂಗಳ ಮಟ್ಟಿಗೆ ಮೈಸೂರಿನಿಂದ ಬಂದಿದ್ದರು, ಮಗನಿಗೆ ಗಂಟುಹಾಕಿಯೇ ಹೋಗುವುದೆಂದು. ಮೊದಲ ಸಲ ಫೋನ್ ಮಾಡಿದಾಗ ಆ ಆಂಟಿ ಗೋತ್ರ ಕೇಳಲಿಲ್ಲ, ಕೆಲಸ ಕೇಳಲಿಲ್ಲ. "ಈ ದೇಶಕ್ಕೆ ಬಂದ್ಮೇಲೆ ಮೊಟ್ಟೆ ಗಿಟ್ಟೆ ಏನಾದ್ರೂ ಅಭ್ಯಾಸ ಆಗಿದ್ಯಾಮ್ಮಾ? ಈಗಿನ ಮಕ್ಕಳನ್ನ ನಂಬಕ್ಕಾಗಲ್ಲ. ಅದೊಂದು ನಂಗೆ ಆಗೋದೇ ಇಲ್ಲ" ಅಂದರು. "ಛೆ ಛೆ, ನಮ್ಮನೇಲಿ ಇಲ್ಲ ಆಂಟಿ" ಅಂದೆ. ಆ ಸುಳ್ಳು ಹೇಳುವಾಗ ಪಕ್ಕದಲ್ಲಿ ತಂಗಿ ಇದ್ದಳು. ಬಾಯಿಗೆ ಸೆರಗಿಟ್ಟುಕೊಂಡವಳ ಹಾಗೆ ದುಪಟ್ಟಾ ಇಟ್ಟುಕೊಂಡಿದ್ದಳು.

ಅವನೂ ಅವಳೂ ಭಾನುವಾರ ಭಾನುವಾರ ಫೋನಿನಲ್ಲಿ ಮಾತಾಡತೊಡಗಿದರು. ಮೊದಲು ಹತ್ತು ನಿಮಿಷ. ಆಮೇಲೆ ಒಂದು ಗಂಟೆ. ಬಾಗಿಲು ಹಾಕಿಕೊಂಡು ಒಳಗೆ ಅವಳು ನಗುತ್ತಿದ್ದದ್ದು ನನಗೆ ಅಡುಗೆಮನೆಗೆ ಕೇಳುತ್ತಿತ್ತು. ಆ ನಗು ನನಗೆ ಗೊತ್ತಿದ್ದದ್ದೇ, ಶುಕ್ರವಾರದ ನಗು. ಈಗ ಅದು ಬೇರೆ ಯಾರಿಗೋ ಸಿಗುತ್ತಿತ್ತು. ಒಂದು ಭಾನುವಾರ ಸಾರಿಗೆ ಉಪ್ಪು ಹಾಕುವುದನ್ನು ಅವಳು ಮರೆತಳು. "ಪ್ರೀತಿ ಬಂದ್ರೆ ಉಪ್ಪು ಮರೆಯತ್ತೆ" ಎಂದು ನಾನು ಚುಚ್ಚಿದೆ. ಅವಳು ಅದನ್ನು ಹೊಗಳಿಕೆ ಎಂದುಕೊಂಡು ಕೆಂಪಾದಳು. ಅವಳಿಗೆ ಅವನು ಇಷ್ಟವಾಗಿದ್ದ. ನನಗೆ ಅದು ತಿಳಿಯದೇನೂ ಇರಲಿಲ್ಲ. ಅವನ ಹೆಸರನ್ನು ಬಿಟ್ಟು 'ಅವ್ರು' ಅನ್ನಲು ಶುರುಮಾಡಿದ್ದಳು.

ಅಡಿಲೇಡಿಗೆ ಹೋಗಿ ಒಮ್ಮೆ ಮುಖಾಮುಖಿ ನೋಡಿಬಿಟ್ಟರೆ ತಾಂಬೂಲ ಬದಲಾಯಿಸುವುದೆಂದು ಎರಡೂ ಕಡೆ ಮಾತಾಗಿತ್ತು. ಹೊರಡುವ ದಿನ ಬೆಳಿಗ್ಗೆ ನನ್ನ ಮೂರು ವರ್ಷದ ಮಗಳು ತಿಂಡಿ ತಿನ್ನುತ್ತ, ಚಿಕ್ಕಿ ಅಡಿಲೇಡಿನಲ್ಲಿ ಮನೆ ಮಾಡುತ್ತಾಳೆ, ನಾನೂ ಅಲ್ಲಿಗೇ ಹೋಗುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದಳು. ನಮ್ಮ ಮಾತೆಲ್ಲ ಅವಳಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷು. "ಮತ್ತೆ ಅಮ್ಮ?" ಎಂದು ಕೇಳಿದೆ. ಅಮ್ಮನಿಗೆ ಆಫೀಸಿದೆಯಲ್ಲ ಅಂದಳು. ಆ ವಾರ ರಜೆಯಲ್ಲಿ ಮನೆಯಲ್ಲಿದ್ದ ನನ್ನ ಗಂಡ ಜೋರಾಗಿ ನಕ್ಕ. ಮಗಳನ್ನು ಅವನ ಬಳಿ ಬಿಟ್ಟು ನಾವಿಬ್ಬರೂ ಹೊರಟೆವು.

ವಿಮಾನದಲ್ಲಿ ತಂಗಿ, "ಅಕ್ಕ, ಮದುವೆ ತನಕ ಕಾಯಲ್ಲ ಕಣೇ. ಮುಂದಿನ ತಿಂಗಳೇ ಅಲ್ಲಿ ಕೆಲಸ ಹುಡುಕ್ತೀನಿ. ಅವ್ರ ಫ್ರೆಂಡ್ ಒಬ್ಬರ ಆಫೀಸಲ್ಲಿ ಅಕೌಂಟ್ಸ್‌ಗೆ ಬೇಕಂತೆ" ಅಂದಳು. ಮುಂದಿನ ತಿಂಗಳು. ನನ್ನ ಕಣ್ಣಿಗೆ ಕಂಡದ್ದು ಅವಳ ಮದುವೆಯಲ್ಲ. ಗಂಡ ಗಣಿಯಲ್ಲಿರುವ ಆ ಹದಿನಾಲ್ಕು ದಿನಗಳು, ಖಾಲಿ ಮನೆ, ಅಳುವ ಮಗು, ನಾನೇ ಮಾಡಿಕೊಂಡು ನಾನೇ ಕುಡಿಯಬೇಕಾದ ಕಾಫಿ. "ಒಳ್ಳೇದಾಯ್ತಲ್ಲ" ಅಂದೆ. ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು, ಅದು ದ್ವೇಷದ ಹತ್ತಿರ ಹತ್ತಿರ ಇತ್ತು.

ಆಂಟಿ ಮನೆಗೇ ಬನ್ನಿ ಎಂದಿದ್ದರು, ಬಿಸಿಬೇಳೆಬಾತ್ ಮಾಡುತ್ತೇನೆಂದು. ನಾನೇ ಬೇಡವೆಂದು ಬುರೀಟೊ ಅಂಗಡಿ ಹೇಳಿದ್ದೆ. ಮಧ್ಯಾಹ್ನ ಒಂದು ಗಂಟೆ. ಸಾಲಿನಲ್ಲಿ ಮೊದಲು ಅವನು, ಆಮೇಲೆ ಆಂಟಿ, ಆಮೇಲೆ ತಂಗಿ, ಕೊನೆಗೆ ನಾನು. ಅವನು ಬಡಿಸುವ ಹುಡುಗನಿಗೆ ಎರಡು ಸಲ ಥ್ಯಾಂಕ್ಸ್ ಹೇಳಿದ. ತಾಯಿಗೆ ಯಾವ ಪಾತ್ರೆಯಲ್ಲಿ ಏನಿದೆ ಎಂದು ಸಮಾಧಾನವಾಗಿ ವಿವರಿಸಿದ. ಹಿಂದೆ ನಿಂತವರಿಗೆ ತಡವಾಯಿತು, ಸಾರಿ ಅಂದ. ನನ್ನ ಪರೀಕ್ಷೆಯಲ್ಲಿ ಅವನಷ್ಟು ಚೆನ್ನಾಗಿ ಪಾಸಾದವರು ಯಾರೂ ಇರಲಿಲ್ಲ. ಆಂಟಿ ತಂಗಿಯ ಜಡೆ ಮುಟ್ಟಿ, "ಕೂದಲು ಉಳಿಸ್ಕೊಂಡಿದೀಯಲ್ಲ ಪುಟ್ಟ, ಸಂತೋಷ" ಅಂದರು. ತಂಗಿ ತಲೆ ತಗ್ಗಿಸಿ ನಕ್ಕಳು. ಅವಳ ಸರದಿ ಬಂತು. ಅನ್ನ ಬಿತ್ತು, ಕಪ್ಪು ಬೀನ್ಸು ಬಿತ್ತು. ಮುಂದೆ ಏನು ಹಾಕಲಿ ಎಂದು ಬಡಿಸುವವನು ಕೇಳಿದ. ಅವಳು ತರಕಾರಿಯ ಕಡೆ ಬೆರಳು ಎತ್ತಿದ್ದಳು.

"ಯಾಕೇ, ಯಾವಾಗ್ಲೂ ತಗೊಳ್ಳೋ ಚಿಕನ್ ಇವತ್ತು ಬೇಡ್ವಾ?" ಎಂದು ನಾನು ಕೇಳಿದೆ.

ಕನ್ನಡದಲ್ಲೇ ಕೇಳಿದೆ, ಆಂಟಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಪ್ರೀತಿಯ ಅಕ್ಕನ ದನಿಯಲ್ಲಿ. ಬಾಯಿತಪ್ಪಿ ಬಂದದ್ದೆಂದು ಯಾರಾದರೂ ನಂಬಬಹುದಾದ ಹಾಗೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಅದನ್ನು ಒಡೆಯಲೆಂದೇ ಎತ್ತಿಕೊಂಡಿದ್ದೆ.

ಆಂಟಿಯ ಕೈ ಜಡೆಯಿಂದ ಕೆಳಗಿಳಿಯಿತು. ಅವನು ತಿರುಗಿ ನೋಡಿದ, ತಾಯಿಯ ಮುಖ ನೋಡಿದ, ನೆಲ ನೋಡಿದ. ಒಂದು ಮಾತೂ ಆಡಲಿಲ್ಲ. ಚಿಕನ್ನಾ, ತರಕಾರಿಯಾ ಎಂದು ಬಡಿಸುವವನು ಮತ್ತೆ ಕೇಳಿದ. ತಂಗಿ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಗಾಬರಿ ಮಾತ್ರ ಇತ್ತು. ಮೊದಲು ತಿನ್ನಿಸಿದವಳು ಇವಳೇ ಎಂದು ಅವಳು ಹೇಳಬಹುದಿತ್ತು. ಹೇಳುತ್ತಾಳೆಂದು ನಾನೂ ಕಾದೆ. ಅವಳು ಹೇಳಲಿಲ್ಲ. ಬಡಿಸುವವನ ಕಡೆ ತಿರುಗಿ, ಸಣ್ಣ ದನಿಯಲ್ಲಿ, ಚಿಕನ್ ಪ್ಲೀಸ್ ಅಂದಳು. ಹೇಗೂ ಹೋಯಿತು, ಇನ್ನು ಸುಳ್ಳೇಕೆ ಅನ್ನಿಸಿರಬೇಕು.

ನನ್ನ ಸರದಿ ಬಂದಾಗ ನಾನು ತರಕಾರಿ ಹಾಕಿಸಿಕೊಂಡೆ.

ಟೇಬಲ್ಲಿನಲ್ಲಿ ಆಂಟಿ ಬಟ್ಟಲು ಮುಟ್ಟಲಿಲ್ಲ. ಹವೆಯ ಬಗ್ಗೆ ಮಾತಾಡಿದರು, ಪರ್ತ್‌ನಲ್ಲಿ ಹೂವು ಸಿಗುತ್ತದಾ ಎಂದು ನನ್ನನ್ನು ಕೇಳಿದರು. ತಂಗಿಯ ಕಡೆ ತಿರುಗಲೇ ಇಲ್ಲ. ಅವಳು ತಲೆ ಬಗ್ಗಿಸಿ ಬಟ್ಟಲಲ್ಲಿದ್ದದ್ದನ್ನು ಪೂರ್ತಿ ತಿಂದಳು, ಒಂದು ಕಾಳೂ ಬಿಡದೆ. ಬಡಿಸಿದ್ದನ್ನು ಬಿಡಬಾರದೆಂದು ನಮ್ಮಮ್ಮ ಕಲಿಸಿದ್ದು. ಇಪ್ಪತ್ತು ನಿಮಿಷಕ್ಕೆ ಎಲ್ಲರೂ ಎದ್ದೆವು. ಆಂಟಿ ನನಗೆ ಮಾತ್ರ, "ಬರ್ತೀವಮ್ಮ, ನೀವಾದ್ರೂ ಪದ್ಧತಿ ಉಳಿಸ್ಕೊಂಡಿದೀರಲ್ಲ" ಅಂದರು. ನಾನು ಕೈಮುಗಿದೆ.

ವಾಪಸು ಬರುವಾಗ ಏರ್‌ಪೋರ್ಟಿನಲ್ಲಿ ಕೂತಿದ್ದಾಗ ತಂಗಿ ಮೊದಲ ಸಲ ಬಾಯಿಬಿಟ್ಟಳು.

"ಅಕ್ಕ, ಬೇಕಂತ ಹೇಳಿದ್ಯಾ?"

"ಹುಚ್ಚಿ. ಬಾಯ್ತಪ್ಪಿ ಬಂದ್ಬಿಡ್ತು ಕಣೇ. ಆ ಅಂಗಡಿ ನೋಡಿದ ತಕ್ಷಣ ಮೋರ್ಲೀಲಿ ಇದೀನಿ ಅನ್ನಿಸ್ಬಿಡ್ತು. ಎಲ್ಲಾ ಒಂದೇ ಥರ ಇರತ್ತಲ್ಲ" ಅಂದೆ. ಕಣ್ಣಲ್ಲಿ ನೀರು ತಂದುಕೊಂಡೆ. ತರಿಸಿಕೊಳ್ಳಲು ಕಷ್ಟವಾಗಲಿಲ್ಲ.

"ನೀನು ಅಳ್ಬೇಡ" ಎಂದು ಅವಳೇ ನನ್ನ ಬೆನ್ನು ಸವರಿದಳು. "ನಾನು ಅವ್ರಿಗೆ ಮೊದ್ಲೇ ಹೇಳಿದ್ದೆ, ತಿಂತೀನಿ ಅಂತ. ಅವ್ರೂ ತಿಂತಾರೆ. ನಿಧಾನಕ್ಕೆ ಅಮ್ಮಂಗೆ ಹೇಳ್ತೀನಿ ಅಂದಿದ್ರು. ಅವ್ರು ಫೋನ್ ಮಾಡ್ತಾರೆ ಬಿಡು."

ನನಗೆ ಇದು ಗೊತ್ತಿರಲಿಲ್ಲ. ಅವನು ಫೋನ್ ಮಾಡಿಯೇಬಿಟ್ಟರೆ ಎಂದು ಹೆದರಿದೆ. ಅವಳಿಗಾಗಿ ಅಲ್ಲ.

ಅವನು ಫೋನ್ ಮಾಡಿದ. ಅವಳಿಗಲ್ಲ, ನನಗೆ. ಐದನೆಯ ದಿನ, ಸಂಜೆ ಆಫೀಸಿನಿಂದ ಬರುತ್ತ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿಕೊಂಡು ಕಾರಿನಲ್ಲಿ ಕೂತಿದ್ದೆ. "ನಮಸ್ಕಾರ, ಅವತ್ತು ನಾನು ಬಾಯಿ ಬಿಡ್ಲಿಲ್ಲ, ತಪ್ಪು ನಂದೇ" ಎಂದು ಶುರುಮಾಡಿದ. ಮರುದಿನವೇ ತಾಯಿಗೆ ಎಲ್ಲ ಹೇಳಿದನಂತೆ, ತಾನೂ ಮೂರು ವರ್ಷದಿಂದ ತಿನ್ನುತ್ತೇನೆಂದು. ತಾಯಿ ಎರಡು ದಿನ ಊಟ ಬಿಟ್ಟರಂತೆ. ಮೂರನೆಯ ದಿನ, ನನ್ನ ಮಗನೇ ಹೀಗಿರುವಾಗ ಪಾಪ ಆ ಹುಡುಗಿಯನ್ನು ಏನನ್ನಲಿ, ನಿನಗೆ ಬೇಕಾದರೆ ಸರಿ ಅಂದರಂತೆ. "ನಿಮ್ಮ ತಂಗೀಗೆ ನನ್ನ ಮೇಲೆ ಸಿಟ್ಟಿರಬಹುದು. ನೇರವಾಗಿ ಮಾಡೋಕೆ ಮುಖ ಇಲ್ಲ. ಮೊದ್ಲು ನಿಮ್ಮನ್ನ ಕೇಳಿ ಆಮೇಲೆ ಮಾಡೋಣ ಅಂತ" ಅಂದ.

ಆಗ ಬೇರೆಯೇ ಮಾತಾಡಬಹುದಿತ್ತು. ಎರಡು ಮಾತು ಸಾಕಿತ್ತು, ಈಗಲೇ ಮಾಡಿ, ಕಾಯುತ್ತಿದ್ದಾಳೆ ಎಂದು. ಅವಳು ನಿಜಕ್ಕೂ ಕಾಯುತ್ತಿದ್ದಳು. ಐದು ದಿನದಿಂದ ಸ್ನಾನಕ್ಕೆ ಹೋಗುವಾಗಲೂ ಫೋನ್ ಒಯ್ಯುತ್ತಿದ್ದಳು. ಕೌಂಟರಿನಲ್ಲಿ ಆಡಿದ್ದನ್ನು ಬೇಕಾದರೆ ಸಿಟ್ಟಿನ ತಲೆಗೆ ಕಟ್ಟಬಹುದು. ಇದನ್ನು ಕಟ್ಟಲಾಗುವುದಿಲ್ಲ. ನಾನು ತಣ್ಣಗಿದ್ದೆ, ಯೋಚಿಸಿ ಮಾತಾಡಿದೆ.

"ನಿಮ್ಮ ಮನಸ್ಸು ದೊಡ್ಡದು. ಆದ್ರೆ ಅವಳು ಬೇಡ ಅಂತ ನಿರ್ಧಾರ ಮಾಡ್ಬಿಟ್ಟಿದಾಳೆ. ನೀವು ಫೋನ್ ಮಾಡಿದ್ರೆ ಹೇಗೆ ಹೇಳೋದು ಅಂತ ಅಳ್ತಿದ್ಲು. ದಯವಿಟ್ಟು ಮಾಡ್ಬೇಡಿ, ಮೆಸೇಜೂ ಬೇಡ ಅಂತ ಹೇಳು ಅಂದ್ಲು. ನೀವು ಅರ್ಥ ಮಾಡ್ಕೋತೀರ ಅಂತ ನಂಗೆ ನಂಬಿಕೆ ಇದೆ."

ಅವನು, "ಸರಿ. ಅವ್ರಿಗೆ ತೊಂದ್ರೆ ಕೊಡಲ್ಲ. ಚೆನ್ನಾಗಿರ್ಲಿ" ಅಂದ. ಅವನು ಕೆಟ್ಟವನಾಗಿದ್ದರೆ ನನ್ನ ಮಾತು ಕೇಳದೆ ಅವಳಿಗೆ ಫೋನ್ ಮಾಡಿರುತ್ತಿದ್ದ. ಬೇಡವೆಂದರೆ ಬೇಡ ಎಂದು ತಿಳಿಯುವವನಾದ್ದರಿಂದ ನನ್ನ ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಆಯಿತು. ಮನೆಗೆ ಹೋದೆ. ತಂಗಿ ಮಗಳಿಗೆ ಅನ್ನ ಕಲಸುತ್ತಿದ್ದಳು. ಕಾಫಿ ಕೊಟ್ಟಳು. ಕುಡಿದೆ, ಚೆನ್ನಾಗಿತ್ತು. ಆ ರಾತ್ರಿ ನನಗೆ ಒಳ್ಳೆಯ ನಿದ್ದೆ ಬಂತು. ಪಶ್ಚಾತ್ತಾಪದಲ್ಲಿ ಹೊರಳಾಡಿದೆ ಎಂದು ಬರೆದರೆ ಓದುವವರಿಗೆ ಸಮಾಧಾನವಾಗಬಹುದು, ಆದರೆ ಅದು ಸುಳ್ಳು.

ಅವಳು ಒಂದು ತಿಂಗಳು ಕಾದಳು. ಅಭಿಮಾನದವಳು, ತಾನಾಗಿ ಫೋನ್ ಮಾಡಲಿಲ್ಲ. ಊಟ ಕಡಿಮೆಯಾಯಿತು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ನನಗೆ ಕೇಳಿಸಿತು. ಬಾಗಿಲು ತಟ್ಟಲಿಲ್ಲ. ಊರಿಗೆ ಫೋನ್ ಮಾಡಿ, ತಪ್ಪು ನನ್ನದೇ, ಅಕ್ಕನಿಗೇನೂ ಅನ್ನಬೇಡ ಎಂದು ಅಮ್ಮನಿಗೆ ಹೇಳಿದಳು. ಅಮ್ಮ ಅವಳ ಜೊತೆ ನಾಲ್ಕು ತಿಂಗಳು ಮಾತು ಬಿಟ್ಟಳು. ನನ್ನ ಜೊತೆ ದಿನಾ ಮಾತಾಡುತ್ತಿದ್ದಳು. ತಂಗಿ ಆಮೇಲೆ ಬೇರೆ ಯಾವ ಗಂಡನ್ನೂ ನೋಡಲು ಒಪ್ಪಲಿಲ್ಲ. ನನ್ನ ಮಗಳು ಒಂದನೆಯ ಕ್ಲಾಸಿಗೆ ಹೋಗುವವರೆಗೂ ನಮ್ಮ ಮನೆಯಲ್ಲೇ ಇದ್ದಳು. ನನಗೆ ಬೇಕಾದದ್ದು ಪೂರ್ತಿ ಸಿಕ್ಕಿತು.

ಆ ತಿಂಗಳು ಕಳೆದ ಮೇಲೆ ಒಂದು ಶುಕ್ರವಾರ, ಹೋಗೋಣ ಬಾ, ಬಹಳ ದಿನವಾಯಿತು ಎಂದು ಮೋರ್ಲಿಗೆ ಕರೆದುಕೊಂಡು ಹೋದೆ. ಅಂಗಡಿಯಲ್ಲಿ ಜನವಿತ್ತು. ಅದೇ ಬೆಂಚು ಖಾಲಿಯಾಗುವವರೆಗೆ ಕಾದು ಕೂತೆವು. ಮಗಳು ಚಿಪ್ಸ್ ಮುರಿದು ಸಾಲಾಗಿ ಜೋಡಿಸುತ್ತಿದ್ದಳು. ತಂಗಿ ಫೋರ್ಕಿನಿಂದ ಅನ್ನ ಕೆದಕುತ್ತಿದ್ದವಳು ತಲೆಯೆತ್ತದೆ ಮಾತಾಡಿದಳು.

"ಅಕ್ಕ, ಯೋಚ್ನೆ ಮಾಡ್ದೆ. ಅವತ್ತು ನಿನ್ನ ಬಾಯಿಂದ ಅದು ಬಂದಿದ್ದೇ ಒಳ್ಳೇದಾಯ್ತು. ಅಮ್ಮನ ಮುಂದೆ ಒಂದು ಮಾತು ಆಡಕ್ಕಾಗ್ದೇ ಇರೋನು. ಆಮೇಲೂ ಒಂದು ಫೋನ್ ಇಲ್ಲ. ನೀನು ಹೇಳ್ದೇ ಇದ್ದಿದ್ರೆ ಅಂಥವ್ನ ಜೊತೆ ಜೀವನ ಪೂರ್ತಿ ಇರ್ಬೇಕಿತ್ತು ನಾನು." ಫೋರ್ಕು ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡಳು. "ಥ್ಯಾಂಕ್ಸ್ ಕಣೇ. ನೀನು ಮನಸ್ಸಲ್ಲಿ ಇಟ್ಕೊಂಡು ಕೊರಗ್ಬೇಡ."

ಅವಳ ಕೈ ಬೆಚ್ಚಗಿತ್ತು. ನಾನು ಇನ್ನೊಂದು ಕೈಯಿಂದ ಬಟ್ಟಲನ್ನು ಅವಳ ಹತ್ತಿರಕ್ಕೆ ಸರಿಸಿದೆ.

"ತಿನ್ನು, ಆರಿಹೋಗತ್ತೆ" ಅಂದೆ.